ಕಾನೂನು ಕಾಲೇಜು ಬದಲಿಸುವ ಮುನ್ನ: ಹಾಸನ, ಚಿಕ್ಕಮಗಳೂರಿನ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರುವಾಗುವ ಹೊತ್ತಿಗೆ ಹಾಸನದ ನನ್ನ ಕಚೇರಿಗೆ ಕಾನೂನು ವಿದ್ಯಾರ್ಥಿಗಳು ಬರತೊಡಗುತ್ತಾರೆ. ಬೆಂಗಳೂರಿನ ಕಾಲೇಜು ಬಿಟ್ಟು ಊರಿಗೆ ಮರಳಬೇಕೆನ್ನುವವರು ಕೆಲವರು, ಹಾಸನ ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಹೋಗಬೇಕೆನ್ನುವವರು ಹಲವರು. "ಮೇಡಂ, ಯಾವ ಕಾಲೇಜು ಒಳ್ಳೆಯದು?" ಎಂದು ಕೇಳುತ್ತಾರೆ. ನಾನು ಮರುಪ್ರಶ್ನೆ ಹಾಕುತ್ತೇನೆ: "ಓದು ಮುಗಿದು ಸನ್ನದು, ಅಂದರೆ ವಕೀಲಿಕೆಯ ಪರವಾನಗಿ, ಕೈಗೆ ಬಂದ ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ನೀವು ಎಲ್ಲಿರಬೇಕು ಅಂದುಕೊಂಡಿದ್ದೀರಿ?"

ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ. ಅದು ಅವರ ತಪ್ಪಲ್ಲ. ಕಾಲೇಜುಗಳನ್ನು ಅಳೆಯಲು ನಮಗೆ ಸಿಗುವ ಪಟ್ಟಿಗಳೆಲ್ಲ ದೊಡ್ಡ ಕಂಪನಿಗಳ ಕೆಲಸವನ್ನು ಎದುರಿಗಿಟ್ಟುಕೊಂಡು ಮಾಡಿದವು. ಕ್ಯಾಂಪಸ್ ಸಂದರ್ಶನಕ್ಕೆ ಯಾವ ಕಂಪನಿ ಬಂದಿತು, ಸಂಬಳ ಎಷ್ಟು ಎಂಬ ಲೆಕ್ಕ ಅದರಲ್ಲಿರುತ್ತದೆ. ಸಕಲೇಶಪುರದ ಉಪವಿಭಾಗಾಧಿಕಾರಿ ನ್ಯಾಯಾಲಯದಲ್ಲಿ ದಾಖಲೆ ಓದಿ ವಾದ ಮಾಡಬಲ್ಲ ವಕೀಲರನ್ನು ಯಾವ ಕಾಲೇಜು ರೂಪಿಸುತ್ತದೆ ಎಂಬ ಮಾಹಿತಿ ಯಾವ ಪಟ್ಟಿಯಲ್ಲೂ ಇಲ್ಲ. ಕಂಪನಿ ಕೆಲಸದ ಆಚೆಗೆ ಬದುಕು ಕಟ್ಟಿಕೊಳ್ಳಬೇಕೆನ್ನುವವರು ಕಾಲೇಜಿಗಿಂತ ಮೊದಲು ಆ ಕೆಲಸ ನಡೆಯುವ ಜಾಗವನ್ನು ಹುಡುಕಬೇಕು, ಅಲ್ಲಿಗೆ ಹತ್ತಿರ ಒಯ್ಯುವ ಕಾಲೇಜನ್ನು ಆಮೇಲೆ ಆರಿಸಬೇಕು. ಈ ಬರಹವನ್ನು ಆ ಕ್ರಮದಲ್ಲೇ ಕಟ್ಟಿದ್ದೇನೆ.

ನಾನೂ ಕಾಲೇಜು ಬದಲಿಸಿದವಳು. ಬೇಲೂರು ತಾಲ್ಲೂಕಿನ ನಮ್ಮ ಆಲೂಗಡ್ಡೆ ಹೊಲದ ಪೋಡಿ (ಅಳತೆ ಮಾಡಿ ಪ್ರತ್ಯೇಕಿಸುವ) ವಿವಾದ ಅಪ್ಪನನ್ನು ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆಸಿತ್ತು. ಕಾನೂನು ಓದಬೇಕೆಂಬ ಆಸೆ ಹುಟ್ಟಿದ್ದು ಅಲ್ಲಿ. ಆದರೆ ಸೇರಿದ್ದು ಬೆಂಗಳೂರಿನ ಒಂದು ಕಾಲೇಜಿಗೆ. ಎರಡು ಸೆಮಿಸ್ಟರ್ ಮುಗಿಸಿ ಹಾಸನಕ್ಕೆ ಮರಳಲು ನಿರ್ಧರಿಸಿದಾಗ ಅವಸರದಲ್ಲಿ ವರ್ಗಾವಣೆ ಪತ್ರ ಪಡೆದುಬಿಟ್ಟೆ. ಸೇರಬೇಕೆಂದುಕೊಂಡಿದ್ದ ಕಾಲೇಜಿನಲ್ಲಿ ಆ ವರ್ಷ ಖಾಲಿ ಸೀಟು ಇರಲಿಲ್ಲ. ಒಂದು ವರ್ಷ ಮನೆಯಲ್ಲಿ ಕುಳಿತೆ. ಆ ತಪ್ಪು ಇನ್ನೊಬ್ಬರಿಗೆ ಆಗಬಾರದೆಂಬ ಕಾರಣಕ್ಕೆ ಕಾಗದಪತ್ರಗಳ ಭಾಗವನ್ನು ತುಸು ವಿವರವಾಗಿಯೇ ಬರೆದಿದ್ದೇನೆ.

ಹೆಜ್ಜೆ 1: ನಿಮ್ಮದು ಯಾವ ಬಗೆಯ ಬದಲಾವಣೆ ಎಂದು ಗುರುತಿಸಿ

ಕರ್ನಾಟಕದ ಬಹುಪಾಲು ಕಾನೂನು ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. 2009ರಲ್ಲಿ ಈ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಹಾಸನ, ಶಿವಮೊಗ್ಗ, ಮಂಗಳೂರು, ಮೈಸೂರುಗಳ ವಿದ್ಯಾರ್ಥಿಗಳು ಒಂದೇ ಪಠ್ಯಕ್ರಮ ಓದಿ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವಂತಾಯಿತು. ಹಾಗಾಗಿ ಹಾಸನದ ಎಂ. ಕೃಷ್ಣ ಕಾನೂನು ಕಾಲೇಜಿನಿಂದ ಶಿವಮೊಗ್ಗದ ಸಿ.ಬಿ.ಆರ್. ರಾಷ್ಟ್ರೀಯ ಕಾನೂನು ಕಾಲೇಜಿಗೋ ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜಿಗೋ ಹೋಗುವುದು ಒಂದೇ ಮನೆಯಲ್ಲಿ ಕೋಣೆ ಬದಲಿಸಿದಂತೆ. ಖಾಲಿ ಸೀಟು, ಎರಡೂ ಕಾಲೇಜುಗಳ ಒಪ್ಪಿಗೆ, ವಿಶ್ವವಿದ್ಯಾಲಯದ ಅನುಮತಿ ಈ ಮೂರೂ ಕೂಡಿಬಂದರೆ ದಾರಿ ಸುಗಮ.

ಇದೇ ವಿಶ್ವವಿದ್ಯಾಲಯದೊಳಗೂ ಒಂದು ತೊಡಕಿದೆ. ಮೈಸೂರಿನ ಜೆಎಸ್‌ಎಸ್ ಕಾನೂನು ಕಾಲೇಜು ಸ್ವಾಯತ್ತ ಸಂಸ್ಥೆ. ಸ್ವಾಯತ್ತ ಕಾಲೇಜು ತನ್ನ ಪಠ್ಯಕ್ರಮವನ್ನೂ ಪರೀಕ್ಷೆಯನ್ನೂ ತಾನೇ ರೂಪಿಸಿಕೊಳ್ಳುತ್ತದೆ. ಅಲ್ಲಿಗೆ ಹೋಗುವವರೂ ಅಲ್ಲಿಂದ ಬರುವವರೂ ವಿಷಯವಾರು ತಾಳೆ ನೋಡಿಕೊಳ್ಳಲೇಬೇಕು.

ಎರಡನೆಯದು, ಬೇರೆ ವಿಶ್ವವಿದ್ಯಾಲಯದಿಂದ ಇಲ್ಲಿಗೆ ಬರುವುದು ಅಥವಾ ಇಲ್ಲಿಂದ ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋಗುವುದು. ಇಲ್ಲಿ ವಲಸೆ ಪ್ರಮಾಣಪತ್ರ ಬೇಕು, ಓದಿದ ವಿಷಯಗಳು ಹೊಸ ವಿಶ್ವವಿದ್ಯಾಲಯದ ವಿಷಯಗಳಿಗೆ ಸಮವೆಂಬ ಮಾನ್ಯತೆ, ಅಂದರೆ ಸಮಾನತೆ, ಸಿಗಬೇಕು. ಸಮಯವೂ ಹಣವೂ ಹೆಚ್ಚು ಹಿಡಿಯುವ ದಾರಿ ಇದು.

ಮೂರನೆಯದು, ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಂಥ ಸಂಸ್ಥೆಗಳಿಗೆ ಹೋಗುವ ಆಸೆ. ಅಲ್ಲಿಯ ಐದು ವರ್ಷದ ಪದವಿಗೆ ಕ್ಲಾಟ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ, 2022ರಲ್ಲಿ ಆರಂಭವಾದ ಮೂರು ವರ್ಷದ ಪದವಿಗೆ ಆ ಸಂಸ್ಥೆಯದೇ ಪ್ರವೇಶ ಪರೀಕ್ಷೆ ಇದೆ. ಅಂದರೆ ಮೊದಲ ವರ್ಷದಿಂದ ಮತ್ತೆ ಆರಂಭ. ಅದನ್ನು ವರ್ಗಾವಣೆ ಎಂದು ಲೆಕ್ಕ ಹಾಕಿಕೊಂಡು ಕಾಯಬೇಡಿ.

ಇನ್ನೊಂದು ಮಾತನ್ನು ಮನೆಯವರಿಗೂ ತಿಳಿಸಿ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) 2008ರ ಕಾನೂನು ಶಿಕ್ಷಣ ನಿಯಮಗಳ 13ನೇ ನಿಯಮವು ಐದು ವರ್ಷದ ಸಂಯೋಜಿತ ಪದವಿಯ ನಡುವೆ ಹೊಸದಾಗಿ ಒಳಬರುವುದನ್ನೂ, ನಡುವೆ ಒಂದು ಪದವಿ ಪಡೆದು ಹೊರಹೋಗುವುದನ್ನೂ ತಡೆಯುತ್ತದೆ. ಬಿ.ಎ. ಮುಗಿಸಿದ್ದೇನೆ, ಐದು ವರ್ಷದ ಕೋರ್ಸಿನ ಮೂರನೇ ವರ್ಷಕ್ಕೆ ನೇರವಾಗಿ ಸೇರಿಸಿಕೊಳ್ಳಿ ಎಂದರೆ ಆಗುವುದಿಲ್ಲ. ಮೂರು ವರ್ಷ ಓದಿದ್ದೇನೆ, ಬಿ.ಎ. ಮಾತ್ರ ಕೊಟ್ಟು ಕಳಿಸಿ ಎಂದರೂ ಆಗುವುದಿಲ್ಲ. ಹಾಗೆ ಮಾಡಿಸಿಕೊಡುತ್ತೇವೆ ಎಂದು ಹಣ ಕೇಳುವವರಿದ್ದಾರೆ. ಅವರ ಮಾತಿಗೆ ಬಿದ್ದರೆ ಕೊನೆಗೆ ಸನ್ನದು ಪಡೆಯುವ ಹೊತ್ತಿನಲ್ಲಿ ನಿಮ್ಮ ಪದವಿಯೇ ಪ್ರಶ್ನೆಗೆ ಒಳಗಾಗುತ್ತದೆ.

ಹೆಜ್ಜೆ 2: ಎಲ್ಲಿ ನಿಲ್ಲಬೇಕೆಂದು ನಿರ್ಧರಿಸಿ

ಈ ಹೆಜ್ಜೆಗೆ ಉಳಿದೆಲ್ಲಕ್ಕಿಂತ ಹೆಚ್ಚು ದಿನ ಕೊಡಿ. ಕಂಪನಿ ಕೆಲಸ ಬಿಟ್ಟರೆ ಕಾನೂನು ಪದವಿಗೆ ಏನಿದೆ ಎಂದು ಕೇಳುವವರಿಗೆ ನಾನು ಕಂಡ ದಾರಿಗಳನ್ನು, ಅವು ಯಾವ ಊರಿನತ್ತ ಸಾಗುತ್ತವೆ ಎಂಬುದರೊಂದಿಗೆ ಹೇಳುತ್ತೇನೆ.

ಮೊದಲಿಗೆ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯದ ವಕೀಲಿಕೆ. ಆಸ್ತಿ ವಿಭಾಗದ ದಾವೆ, ತಡೆಯಾಜ್ಞೆ, ಚೆಕ್ ಅಮಾನ್ಯ, ವಾಹನ ಅಪಘಾತ ಪರಿಹಾರ, ಜೀವನಾಂಶ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿ. ಇಲ್ಲಿಯ ಭಾಷೆ ಕನ್ನಡ. ಸಾಕ್ಷಿ ನುಡಿಯುವುದು ಕನ್ನಡದಲ್ಲಿ, ಪಾಟಿಸವಾಲು ಕನ್ನಡದಲ್ಲಿ, ಕ್ರಯಪತ್ರ ಪಾಲುಪತ್ರಗಳು ಕನ್ನಡದಲ್ಲಿ. ಹಳೆಯ ಪತ್ರದಲ್ಲಿ "ಚಕ್ಕುಬಂದಿ" ಎಂಬ ಸಾಲು ಓದಿ ಹೊಲದ ನಾಲ್ಕು ದಿಕ್ಕನ್ನು ಕಣ್ಣಿಗೆ ತಂದುಕೊಳ್ಳಲಾರದವರಿಗೆ ಇಲ್ಲಿ ಕಷ್ಟ. ಈ ಕೆಲಸ ಬೇಕೆನ್ನುವವರಿಗೆ ಹಾಸನದಲ್ಲೇ ಓದುವುದು ಲಾಭ. ಓದುವಾಗಲೇ ಗುರುತಾದ ಹಿರಿಯ ವಕೀಲರ ಕಚೇರಿಯಲ್ಲಿ ಸನ್ನದು ಬಂದ ಮೇಲೆ ಕೂರಲು ಜಾಗ ಸಿಗುತ್ತದೆ. ಬೆಂಗಳೂರಿನಲ್ಲಿ ಐದು ವರ್ಷ ಓದಿ ಬಂದವರು ಆ ಪರಿಚಯವನ್ನು ಮೊದಲಿನಿಂದ ಕಟ್ಟಬೇಕಾಗುತ್ತದೆ.

ಭೂಮಿ ಮತ್ತು ಕಾಡಿನ ಕೆಲಸ ನನ್ನ ಮನಸ್ಸಿಗೆ ಹತ್ತಿರವಾದದ್ದು. ನಮ್ಮ ಎರಡು ಜಿಲ್ಲೆಗಳಿಗೆ ಇದಕ್ಕಿಂತ ಬೇಕಾದ ವಕೀಲಿಕೆ ಬೇರೆ ಇಲ್ಲವೆಂದೇ ನಂಬಿದ್ದೇನೆ. ಬಗರ್ ಹುಕುಂ, ಅಂದರೆ ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನು ಉಳುತ್ತಿರುವ, ಸಾಗುವಳಿದಾರರ ನಮೂನೆ 50, 53, 57ರ ಅರ್ಜಿಗಳು, ಹೇಮಾವತಿ ಜಲಾಶಯದ ಮುಳುಗಡೆ ಸಂತ್ರಸ್ತರ ಜಮೀನು, ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕರಣಗಳು, ಆಲೂರು, ಸಕಲೇಶಪುರ, ಮೂಡಿಗೆರೆಗಳಲ್ಲಿ ಆನೆ ತುಳಿದ ಬೆಳೆಗೆ ಪರಿಹಾರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಗೆ ಹೋದರೆ 2006ರ ಅರಣ್ಯ ಹಕ್ಕು ಕಾಯ್ದೆ. ಆ ಕಾಯ್ದೆಯಡಿ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಕಾಗದವೇ ಇಲ್ಲದ ಮನೆಯವರು ಅಷ್ಟು ಹಿಂದಿನ ಸಾಕ್ಷ್ಯ ಎಲ್ಲಿಂದ ತರಬೇಕು? ಹಳೆಯ ಕಂದಾಯ ದಾಖಲೆ, ಊರ ಹಿರಿಯರ ಹೇಳಿಕೆ, ಸಮಾಧಿ, ದೇವರಬನ, ಬಾವಿಯ ಗುರುತು ಇವೆಲ್ಲವನ್ನೂ ಜೋಡಿಸಿ ಗ್ರಾಮಸಭೆಯ ಮುಂದೆ, ಆಮೇಲೆ ಉಪವಿಭಾಗ ಮಟ್ಟದ ಸಮಿತಿಯ ಮುಂದೆ ಇಡುವುದು ವಕೀಲರ ಕೆಲಸವೂ ಹೌದು, ಇತಿಹಾಸಕಾರರ ಕೆಲಸವೂ ಹೌದು. ಹಾಸನ ಜಿಲ್ಲೆಯಲ್ಲಿ ಹಾಸನ, ಸಕಲೇಶಪುರ, ಚಿಕ್ಕಮಗಳೂರು ಜಿಲ್ಲೆಯಲ್ಲಿ ಚಿಕ್ಕಮಗಳೂರು, ತರೀಕೆರೆ, ಹೀಗೆ ಒಟ್ಟು ನಾಲ್ಕು ಉಪವಿಭಾಗಗಳಿವೆ. ಈ ಕೆಲಸಕ್ಕೆ ಹಾಸನ ಅಥವಾ ಶಿವಮೊಗ್ಗದ ಕಾಲೇಜು ಅನುಕೂಲ. ತರೀಕೆರೆ, ನರಸಿಂಹರಾಜಪುರದ ಕಡೆಯವರಿಗಂತೂ ಶಿವಮೊಗ್ಗವೇ ಹತ್ತಿರ.

ನ್ಯಾಯಾಧೀಶರಾಗುವ ಕನಸಿರುವವರು ಒಂದು ತೀರ್ಪನ್ನು ತಿಳಿದಿರಬೇಕು. 2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ನ್ಯಾಯಾಧೀಶರ ಕಿರಿಯ ಶ್ರೇಣಿಯ ಪರೀಕ್ಷೆಗೆ ಕನಿಷ್ಠ ಮೂರು ವರ್ಷ ವಕೀಲಿಕೆ ಬೇಕೆಂಬ ನಿಯಮವನ್ನು ಮರಳಿ ತಂದಿತು. ತಾತ್ಕಾಲಿಕ ನೋಂದಣಿಯ ದಿನದಿಂದಲೇ ಆ ಅನುಭವ ಎಣಿಕೆಯಾಗುತ್ತದೆ, ನ್ಯಾಯಮೂರ್ತಿಗಳ ಬಳಿ ಕಾನೂನು ಗುಮಾಸ್ತರಾಗಿ ಮಾಡಿದ ಕೆಲಸವೂ ಸೇರುತ್ತದೆ ಎಂದಿತು. ಇದರ ಅರ್ಥ, ಓದು ಮುಗಿದ ತಕ್ಷಣ ತರಬೇತಿ ಕೇಂದ್ರಕ್ಕೆ ಸೇರಿ ಪರೀಕ್ಷೆ ಬರೆಯುವ ಹಳೆಯ ದಾರಿಯನ್ನು ನಂಬಿ ಕಾಲೇಜು ಆರಿಸಬೇಡಿ. ಮೂರು ವರ್ಷ ಯಾವ ನ್ಯಾಯಾಲಯದಲ್ಲಿ, ಯಾರ ಕೈಕೆಳಗೆ ಕಲಿಯುತ್ತೀರಿ ಎಂಬುದು ಈಗ ಮುಖ್ಯ. ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆಗೂ ವಕೀಲಿಕೆಯ ಅನುಭವ ಕೇಳುತ್ತಾರೆ. ಈ ಎರಡೂ ದಾರಿಯವರಿಗೆ ಜಿಲ್ಲಾ ಕೇಂದ್ರದ ಕಾಲೇಜು ಯಾವ ರೀತಿಯಲ್ಲೂ ಕಡಿಮೆಯಲ್ಲ.

ಉಚಿತ ಕಾನೂನು ನೆರವಿನ ಕ್ಷೇತ್ರ ಈಗ ಮೊದಲಿನಂತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ನೆರವು ಪಡೆಯಬಹುದು. ಆರೋಪಿಗಳ ಪರವಾಗಿ ಪೂರ್ಣಾವಧಿ ವಕೀಲರನ್ನು ನೇಮಿಸುವ ಕಾನೂನು ನೆರವು ಅಭಿರಕ್ಷಕರ ವ್ಯವಸ್ಥೆ 2022ರಿಂದ ಜಿಲ್ಲೆಗಳಲ್ಲಿ ಬರುತ್ತಿದೆ. ಅದರಲ್ಲಿ ಸಹಾಯಕ ಅಭಿರಕ್ಷಕರ ಹುದ್ದೆಗೆ ಮೂರು ವರ್ಷದೊಳಗಿನ ಅನುಭವದ ಕಿರಿಯ ವಕೀಲರನ್ನೇ ತೆಗೆದುಕೊಳ್ಳುತ್ತಾರೆ. ವಿದ್ಯಾರ್ಥಿಯಾಗಿರುವಾಗಲೇ ಅರೆಕಾಲಿಕ ಕಾನೂನು ಸ್ವಯಂಸೇವಕರಾಗಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ನನ್ನ ಬಳಿ ಬಂದಿದ್ದ ಮೂಡಿಗೆರೆಯ ಹುಡುಗಿಯೊಬ್ಬಳು ಹೀಗೆ ಸ್ವಯಂಸೇವಕಿಯಾಗಿ ತೋಟದ ಲೈನ್ ಮನೆಗಳಿಗೆ ಹೋಗಿಬಂದ ಮೇಲೆ ಬೆಂಗಳೂರಿಗೆ ಹೋಗುವ ಯೋಚನೆಯನ್ನೇ ಕೈಬಿಟ್ಟಳು. ಕೂಲಿಯ ಲೆಕ್ಕ, ಭವಿಷ್ಯ ನಿಧಿ, ಹೆರಿಗೆ ಸೌಲಭ್ಯದ ಪ್ರಶ್ನೆಗಳು ಅವಳ ಕೈಯಲ್ಲಿ ತಾವಾಗಿಯೇ ಬಂದು ಬಿದ್ದವು.

ಬೆಂಗಳೂರೇ ಬೇಕಾಗುವ ದಾರಿಗಳೂ ಇವೆ, ಅದನ್ನು ಮುಚ್ಚಿಡಬಾರದು. ಹೈಕೋರ್ಟಿನಲ್ಲಿ ರಿಟ್ ಅರ್ಜಿಗಳನ್ನು ನಡೆಸುವ ಆಸೆ, ನ್ಯಾಯಮೂರ್ತಿಗಳ ಬಳಿ ಸಂಶೋಧನಾ ಸಹಾಯಕರಾಗುವ ಆಸೆ, ಮಸೂದೆ ಮತ್ತು ನೀತಿಯ ಅಧ್ಯಯನ, ಕಾನೂನು ಪತ್ರಿಕೋದ್ಯಮ ಇವುಗಳಿಗೆ ರಾಜಧಾನಿಯಲ್ಲಿರುವುದು ನೆರವಾಗುತ್ತದೆ. ಹೈಕೋರ್ಟಿನ ಭಾಷೆ ಇಂಗ್ಲಿಷ್. ನಿತ್ಯ ಇಂಗ್ಲಿಷಿನಲ್ಲಿ ಬರೆದು ತಿದ್ದಿಸಿಕೊಳ್ಳುವ ವಾತಾವರಣ ಬೇಕು. ಬೋಧನೆಯತ್ತ ಮನಸ್ಸಿರುವವರಿಗೆ ಮುಂದೆ ಎಲ್ಎಲ್ಎಂ ಸ್ನಾತಕೋತ್ತರ ಪದವಿ, ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆಸೆಟ್ ಎದುರಾಗುತ್ತವೆ. ಅವರು ಬರೆದು ಪ್ರಕಟಿಸುವ ಅಧ್ಯಾಪಕರಿರುವ ಕಾಲೇಜನ್ನು ಹುಡುಕಬೇಕು, ಅದು ಮೈಸೂರಿನಲ್ಲೂ ಸಿಕ್ಕೀತು.

ಕಾನೂನು ಅನುವಾದವನ್ನು ಯಾರೂ ಕೆಲಸವೆಂದು ಎಣಿಸುವುದೇ ಇಲ್ಲ. ಸುಪ್ರೀಂ ಕೋರ್ಟಿನ ತೀರ್ಪುಗಳು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಬರುತ್ತಿವೆ. ಯಂತ್ರ ಮಾಡಿದ ಅನುವಾದವನ್ನು ತಿದ್ದಲು ಕಾನೂನೂ ಕನ್ನಡವೂ ತಿಳಿದವರು ಬೇಕು. ಎರಡೂ ಭಾಷೆಯಲ್ಲಿ ಪಳಗಿದ ಮಲೆನಾಡಿನ ಮಕ್ಕಳು ಇದನ್ನು ಗಂಭೀರವಾಗಿ ನೋಡಲಿ. ಬ್ಯಾಂಕಿನ ಕಾನೂನು ಅಧಿಕಾರಿ, ಸೇನೆಯ ನ್ಯಾಯ ವಿಭಾಗ, ಲೋಕಸೇವಾ ಆಯೋಗದ ಹುದ್ದೆಗಳಿಗೆ ಕಾಲೇಜಿನ ಹೆಸರಿಗಿಂತ ಅಂಕ ಮುಖ್ಯ. ಸೇನೆಯ ಈ ವಿಭಾಗಕ್ಕೆ ಪದವಿಯಲ್ಲಿ ಕನಿಷ್ಠ ಶೇ 55 ಕೇಳುತ್ತಾರೆ. ಅಂಕ ಕುಸಿಯುವಂಥ ಬದಲಾವಣೆಯನ್ನು ಈ ದಾರಿಯವರು ಮಾಡಿಕೊಳ್ಳಬಾರದು.

ಹೆಜ್ಜೆ 3: ನಿರ್ಧಾರವನ್ನು ಪರೀಕ್ಷೆಗೆ ಒಡ್ಡಿ

ಮನಸ್ಸಿನಲ್ಲಿ ಮೂಡಿದ ದಾರಿಯನ್ನು ಎರಡರಿಂದ ನಾಲ್ಕು ವಾರ ನಡೆದು ನೋಡಿ. ಹೇಗೂ ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿನವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ. ಆ ನಾಲ್ಕು ವಾರವನ್ನೇ ಈ ಪರೀಕ್ಷೆಗೆ ಬಳಸಿಕೊಳ್ಳಿ.

ಬೇಸಿಗೆಯಲ್ಲಿ ಸಿವಿಲ್ ನ್ಯಾಯಾಲಯಗಳಿಗೂ ರಜೆ ಬರುತ್ತದೆ. ನಿಮ್ಮ ರಜೆಯೂ ಅದೂ ಒಟ್ಟಿಗೆ ಬಿದ್ದರೆ ಖಾಲಿ ಸಭಾಂಗಣ ನೋಡಿ ಬರುವಿರಿ. ಕಲಾಪವಿರುವ ದಿನಗಳನ್ನು ಮೊದಲೇ ವಕೀಲರ ಬಳಿ ಕೇಳಿಕೊಳ್ಳಿ. ಹೋದಾಗ ದಿನಕ್ಕೊಂದು ಪ್ರಕರಣದ ಕಡತವನ್ನು ಮೊದಲ ಪುಟದಿಂದ ಓದಿ, ಅದರ ಮುಂದಿನ ದಿನಾಂಕದಂದು ಮತ್ತೆ ಹೋಗಿ. ಒಂದೇ ದಾವೆ ಮೂರು ಸಲ ಮುಂದಕ್ಕೆ ಹೋದುದನ್ನು ಕಂಡ ಮೇಲೂ ಆ ಕಕ್ಷಿದಾರರ ಬಗ್ಗೆ ತಿಳಿಯುವ ಆಸಕ್ತಿ ನಿಮ್ಮಲ್ಲಿ ಉಳಿದಿದ್ದರೆ ವಿಚಾರಣಾ ನ್ಯಾಯಾಲಯ ನಿಮ್ಮನ್ನು ಹಿಡಿದಿದೆ ಎಂದರ್ಥ.

ಹೈಕೋರ್ಟಿನ ಆಸೆಯಿರುವವರು ಹಾಸನದಲ್ಲೇ ಕುಳಿತು ಆರಂಭಿಸಬಹುದು. 2022ರಿಂದ ಕರ್ನಾಟಕ ಹೈಕೋರ್ಟಿನ ಕಲಾಪದ ನೇರಪ್ರಸಾರಕ್ಕೆ ನಿಯಮಗಳೇ ಇವೆ. ಒಂದು ವಾರ ದಿನಕ್ಕೆ ಎರಡು ಗಂಟೆ ಕೇಳಿ ನೋಡಿ. ವಾದ ಅರ್ಥವಾಗದಿದ್ದರೆ ಗಾಬರಿ ಬೇಡ, ಬೇಸರವಾದರೆ ಮಾತ್ರ ಯೋಚಿಸಿ.

ಹೆಜ್ಜೆ 4: ಕಾಲೇಜನ್ನು ಕಣ್ಣಾರೆ ನೋಡಿ

ಎರಡು ಅಥವಾ ಮೂರು ಕಾಲೇಜು ಆರಿಸಿಕೊಂಡು ವಾರದ ನಡುವಿನ ಒಂದು ದಿನ, ತರಗತಿ ನಡೆಯುವ ಹೊತ್ತಿಗೆ ಹೋಗಿ. ಹೇಳದೆ ಹೋಗುವುದು ಒಳ್ಳೆಯದು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರೆ ಪ್ರಾಂಶುಪಾಲರ ಕೊಠಡಿಯಲ್ಲೇ ಮಾತು ಮುಗಿಯುತ್ತದೆ. ಮೊದಲ ಸಲ ಒಬ್ಬರೇ ಹೋಗಿ ಗ್ರಂಥಾಲಯದಲ್ಲಿ ಒಂದು ಗಂಟೆ ಕುಳಿತುಕೊಳ್ಳಿ. ಹೊಸ ಕ್ರಿಮಿನಲ್ ಕಾನೂನುಗಳಾದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳು ಜಾರಿಯಾದದ್ದು 2024ರ ಜುಲೈ 1ರಂದು. ಅವುಗಳ ವ್ಯಾಖ್ಯಾನ ಗ್ರಂಥಗಳು ಕಪಾಟಿಗೆ ಬಂದಿವೆಯೇ ಎಂದು ನೋಡಿದರೆ ಆ ಗ್ರಂಥಾಲಯಕ್ಕೆ ಈಚೆಗೆ ಪುಸ್ತಕ ಕೊಂಡಿದ್ದಾರೋ ಇಲ್ಲವೋ ತಿಳಿಯುತ್ತದೆ.

ಪ್ರತಿ ಕಾಲೇಜಿನಲ್ಲೂ ಹಿರಿಯ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕಾನೂನು ನೆರವು ಕೇಂದ್ರ ಇರಬೇಕೆಂಬುದು ವಕೀಲರ ಪರಿಷತ್ತಿನ ನಿಯಮ. ಫಲಕ ಎಲ್ಲೆಡೆ ಇರುತ್ತದೆ. ನೀವು ಕೇಳಬೇಕಾದದ್ದು ನೋಂದಣಿ ಪುಸ್ತಕ. ಕಳೆದ ತಿಂಗಳು ಯಾರು ಬಂದಿದ್ದರು, ಯಾವ ಸಮಸ್ಯೆಗೆ, ವಿದ್ಯಾರ್ಥಿಗಳು ಏನು ಮಾಡಿದರು? ಆ ಪುಸ್ತಕ ತುಂಬಿದ್ದರೆ ಕಟ್ಟಡ ಹಳೆಯದಾದರೂ ಆ ಕಾಲೇಜನ್ನು ಪಟ್ಟಿಯ ಮೇಲಕ್ಕೆ ತನ್ನಿ. ನನ್ನ ಮಟ್ಟಿಗೆ ಒಂದು ಕಾಲೇಜನ್ನು ತೂಗಲು ಇದಕ್ಕಿಂತ ನಂಬಬಹುದಾದ ಗುರುತು ಬೇರೊಂದಿಲ್ಲ.

ಹಿರಿಯ ವಿದ್ಯಾರ್ಥಿಗಳನ್ನು ಚಹಾದ ಅಂಗಡಿಯಲ್ಲಿ ಹಿಡಿದು ಮಾತನಾಡಿಸಿ. ಅಧ್ಯಾಪಕರು ತರಗತಿಗೆ ಬರುತ್ತಾರೆಯೇ, ಅಣಕು ನ್ಯಾಯಾಲಯದಲ್ಲಿ ಎಲ್ಲರಿಗೂ ಅವಕಾಶವಿದೆಯೇ ಅಥವಾ ಅದೇ ನಾಲ್ವರೇ ಪ್ರತಿ ಸಲ ಹೋಗುತ್ತಾರೆಯೇ, ಹುಡುಗಿಯರಿಗೆ ಸಂಜೆಯ ಹೊತ್ತು ಗ್ರಂಥಾಲಯ ತೆರೆದಿರುತ್ತದೆಯೇ. ಹಾಜರಾತಿಯ ಬಗ್ಗೆ ವಿಶೇಷವಾಗಿ ಕೇಳಿ. ಪ್ರತಿ ವಿಷಯದಲ್ಲಿ ಶೇ 70 ಹಾಜರಾತಿ ಬೇಕೆಂದು 2008ರ ನಿಯಮಗಳು ಹೇಳುತ್ತವೆ. ಬರದಿದ್ದರೂ ನಡೆಯುತ್ತದೆ ಎಂದು ಕಾಲೇಜಿನವರೇ ಹೇಳಿದರೆ ಅದನ್ನು ಅನುಕೂಲವೆಂದು ತಿಳಿಯಬೇಡಿ. ಪಾಠವೇ ನಡೆಯದ ಕಾಲೇಜು ನಿಮ್ಮಿಂದ ವರ್ಷಗಳನ್ನು ಕಸಿದುಕೊಳ್ಳುತ್ತದೆ.

ಕೊನೆಯದಾಗಿ, ಆ ಕಾಲೇಜಿಗೆ ವಕೀಲರ ಪರಿಷತ್ತಿನ ಮಾನ್ಯತೆ ಚಾಲ್ತಿಯಲ್ಲಿದೆಯೇ ಎಂದು ಪತ್ರ ನೋಡಿಯೇ ಖಚಿತಪಡಿಸಿಕೊಳ್ಳಿ. ಮಾನ್ಯತೆ ಅವಧಿಗೆ ಸೀಮಿತವಾಗಿ ಸಿಗುತ್ತದೆ, ನವೀಕರಣ ಆಗುತ್ತಿರಬೇಕು.

ಹೆಜ್ಜೆ 5: ವಿಷಯಗಳ ತಾಳೆಪಟ್ಟಿ ಮಾಡಿ

ಒಂದು ಹಾಳೆಯ ಎಡಗಡೆ ನೀವು ಓದಿ ತೇರ್ಗಡೆಯಾದ ವಿಷಯಗಳನ್ನು, ಬಲಗಡೆ ಸೇರಲಿರುವ ಕಾಲೇಜಿನ ಅದೇ ಸೆಮಿಸ್ಟರುಗಳ ವಿಷಯಗಳನ್ನು ಬರೆಯಿರಿ. ಜೋಡಿ ಸಿಗದ ವಿಷಯಕ್ಕೆ ಸುತ್ತು ಹಾಕಿ. ಹೆಸರು ಒಂದೇ ಇದ್ದರೂ ಒಳಗಿನ ಪಾಠ ಬೇರೆಯಿರಬಹುದು. ಹಳೆಯ ದಂಡ ಸಂಹಿತೆ ಓದಿ ತೇರ್ಗಡೆಯಾದವರು ಹೊಸ ಕಾಲೇಜಿನಲ್ಲಿ ನ್ಯಾಯ ಸಂಹಿತೆಯ ಪತ್ರಿಕೆ ಮತ್ತೆ ಬರೆಯಬೇಕೇ ಎಂಬುದನ್ನು ಲಿಖಿತವಾಗಿ ಕೇಳಿ.

ಬಾಕಿ ಉಳಿದ ಪತ್ರಿಕೆಗಳಿದ್ದರೆ ನನ್ನ ಸಲಹೆ ನೇರವಾದದ್ದು: ಮೊದಲು ಅವನ್ನು ಮುಗಿಸಿ, ಆಮೇಲೆ ಕಾಲೇಜು ಬದಲಿಸಿ. ಅದರಲ್ಲೂ ಬೇರೆ ವಿಶ್ವವಿದ್ಯಾಲಯಕ್ಕೋ ಸ್ವಾಯತ್ತ ಕಾಲೇಜಿಗೋ ಹೋಗುವವರು ಬಾಕಿ ಪತ್ರಿಕೆ ಹೊತ್ತುಕೊಂಡು ಹೋಗಬೇಡಿ.

ಪರೀಕ್ಷೆಯ ಭಾಷೆಯನ್ನೂ ಈಗಲೇ ಯೋಚಿಸಿ. ರಾಜ್ಯ ಕಾನೂನು ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದು. ಖಾಸಗಿ ವಿಶ್ವವಿದ್ಯಾಲಯಕ್ಕೆ ಹೋಗುವವರು ಆ ಅವಕಾಶ ಅಲ್ಲಿದೆಯೇ ಎಂದು ಕೇಳದೆ ಹೆಜ್ಜೆ ಇಡಬಾರದು. ಕನ್ನಡದಲ್ಲಿ ಬರೆದು ಒಳ್ಳೆಯ ಅಂಕ ಪಡೆಯುತ್ತಿದ್ದವರು ನಡುವೆ ಭಾಷೆ ಬದಲಾಗಿ ಕುಗ್ಗಿದ್ದನ್ನು ಕಂಡಿದ್ದೇನೆ.

ಹೆಜ್ಜೆ 6: ಖರ್ಚು, ವಾಸ, ಪ್ರಯಾಣ

ಶುಲ್ಕದ ಜೊತೆಗೆ ವಾಸದ ಖರ್ಚನ್ನು ಸೇರಿಸಿಯೇ ಹೋಲಿಸಿ. ಹಾಸನದಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು ಸುಮಾರು 185. ಅಲ್ಲಿ ಕೋಣೆ ಮಾಡಲೇಬೇಕು. ಚಿಕ್ಕಮಗಳೂರಿನಿಂದ ಹಾಸನಕ್ಕೆ ಸುಮಾರು 60 ಕಿಲೋಮೀಟರ್, ದಿನವೂ ಬಂದು ಹೋಗುವವರಿದ್ದಾರೆ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಆ ಖರ್ಚೂ ಉಳಿದಿದೆ. ಆದರೆ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆದರೆ ಓದುವುದು ಯಾವಾಗ ಎಂಬ ಲೆಕ್ಕವೂ ಇರಲಿ. ಮಂಗಳೂರನ್ನು ಆರಿಸುವವರು ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದನ್ನು ಮರೆಯಬೇಡಿ. ವಾರಕ್ಕೊಮ್ಮೆ ಊರಿಗೆ ಬರುತ್ತೇನೆಂಬ ಯೋಜನೆ ಜುಲೈಯಲ್ಲಿ ನಡೆಯುವುದಿಲ್ಲ.

ವಿದ್ಯಾರ್ಥಿವೇತನ ಪಡೆಯುತ್ತಿರುವವರು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಕಾಲೇಜಿನ ಬದಲಾವಣೆ ಹೇಗೆ ದಾಖಲಾಗುತ್ತದೆ ಎಂದು ಮುಂಚೆಯೇ ವಿಚಾರಿಸಿ. ಇಲಾಖೆಯ ವಸತಿನಿಲಯದಲ್ಲಿರುವವರು ಹೊಸ ಊರಿನ ನಿಲಯದಲ್ಲಿ ಸ್ಥಾನ ಖಚಿತವಾಗುವವರೆಗೆ ಇಲ್ಲಿಯದನ್ನು ಬಿಡಬೇಡಿ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಕಾನೂನು ಪದವೀಧರರಿಗೆ ವಕೀಲಿಕೆಯ ತರಬೇತಿ ಅವಧಿಯಲ್ಲಿ ಸರ್ಕಾರ ಭತ್ಯೆ ಕೊಡುತ್ತದೆ. ಸನ್ನದಿನ ನೋಂದಣಿ ಶುಲ್ಕವೂ 2024ರ ಜುಲೈ 30ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರುವಂತಿಲ್ಲ. ಓದು ಮುಗಿದ ಮೇಲಿನ ಮೊದಲೆರಡು ವರ್ಷ ಹೇಗೆ ಕಳೆಯುವುದೆಂದು ಚಿಂತಿಸುವ ಮನೆಯವರಿಗೆ ಇದನ್ನು ಹೇಳಿ.

ಹೆಜ್ಜೆ 7: ಕಾಗದಪತ್ರಗಳನ್ನು ಕ್ರಮ ತಪ್ಪದೆ ಪಡೆಯಿರಿ

ನಾನು ಎಡವಿದ್ದು ಇಲ್ಲಿ. ಕ್ರಮ ಹೀಗಿರಲಿ.

ಮೊದಲು ಹೊಸ ಕಾಲೇಜಿನಿಂದ, ನಿಮ್ಮ ವರ್ಷದಲ್ಲಿ ಸೀಟು ಖಾಲಿಯಿದೆ, ನಿಮ್ಮನ್ನು ಸೇರಿಸಿಕೊಳ್ಳಲು ಅಡ್ಡಿಯಿಲ್ಲ ಎಂಬ ಪತ್ರವನ್ನು ಮೊಹರು ಮತ್ತು ದಿನಾಂಕದೊಂದಿಗೆ ಪಡೆಯಿರಿ. ತರಗತಿಯ ಒಂದು ವಿಭಾಗದಲ್ಲಿ (ಸೆಕ್ಷನ್) 60 ವಿದ್ಯಾರ್ಥಿಗಳ ಮಿತಿಯಿರುವುದರಿಂದ ಬಾಯಿಮಾತಿನ ಭರವಸೆಗೆ ಬೆಲೆಯಿಲ್ಲ. "ಬನ್ನಿ, ನೋಡೋಣ" ಎಂದವರ ಮಾತು ನಂಬಿ ನಾನು ವರ್ಷ ಕಳೆದುಕೊಂಡೆ.

ಆಮೇಲೆ ಈಗಿನ ಕಾಲೇಜಿನಿಂದ ನಿರಾಕ್ಷೇಪಣಾ ಪತ್ರ. ಉಳಿದ ವರ್ಷಗಳ ಶುಲ್ಕ ಕಟ್ಟಿದರೆ ಮಾತ್ರ ಕೊಡುತ್ತೇವೆ ಎನ್ನುವ ಕಾಲೇಜುಗಳಿವೆ. ಜಗಳಕ್ಕೆ ಇಳಿಯಬೇಡಿ. ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ, ಉತ್ತರವನ್ನೂ ಲಿಖಿತವಾಗಿ ಕೇಳಿ. ಅಗತ್ಯ ಬಿದ್ದರೆ ವಿಶ್ವವಿದ್ಯಾಲಯದ ಕುಲಸಚಿವರಿಗೆ ಬರೆಯಲು ಅದೇ ಆಧಾರ.

ಎರಡೂ ಪತ್ರ ಕೈಗೆ ಬಂದ ಮೇಲೆ ಅಂಕಪಟ್ಟಿಗಳ ದೃಢೀಕೃತ ಪ್ರತಿ, ಪ್ರವೇಶಾನುಮೋದನೆಯ ಪ್ರತಿ, ಬದಲಾವಣೆಯ ಕಾರಣ ವಿವರಿಸುವ ಪತ್ರ ಸೇರಿಸಿ ಕಾಲೇಜಿನ ಮೂಲಕ ವಿಶ್ವವಿದ್ಯಾಲಯಕ್ಕೆ ಅರ್ಜಿ, ನಿಗದಿತ ಶುಲ್ಕ. ಶೈಕ್ಷಣಿಕ ವರ್ಷದ ಆರಂಭದಲ್ಲಿ ಬರುವ ಸುತ್ತೋಲೆಯಲ್ಲಿ ಕೊನೆಯ ದಿನಾಂಕ ಇರುತ್ತದೆ. ಸುತ್ತೋಲೆಯನ್ನು ನೀವೇ ಓದಿ, ಇನ್ನೊಬ್ಬರು ಹೇಳಿದ ದಿನಾಂಕ ನಂಬಬೇಡಿ. ಬೇರೆ ವಿಶ್ವವಿದ್ಯಾಲಯದಿಂದ ಬರುವವರಾದರೆ ಸಮಾನತೆಯ ಅರ್ಜಿಗೆ ಪಠ್ಯಕ್ರಮದ ಪೂರ್ಣ ಪ್ರತಿಯನ್ನೂ ಲಗತ್ತಿಸಿ.

ಅನುಮತಿ ಪತ್ರ ಬಂದ ನಂತರವೇ ವರ್ಗಾವಣೆ ಪತ್ರಕ್ಕೆ ಅರ್ಜಿ ಹಾಕಿ. ವಲಸೆ ಪ್ರಮಾಣಪತ್ರ ಬೇಕಾದವರು ಅದನ್ನೂ ಆಗಲೇ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನು ಎಲ್ಲಿಯೂ ಒತ್ತೆಯಿಟ್ಟಂತೆ ಬಿಟ್ಟುಬರಬೇಡಿ. ಕೊಡಲೇಬೇಕಾದರೆ ಪಟ್ಟಿ ಮಾಡಿ ಸಹಿ ಹಾಕಿಸಿಕೊಳ್ಳಿ. ಇಂಟರ್ನ್‌ಶಿಪ್ ಮಾಡಿದ ವಾರಗಳ ಪ್ರಮಾಣಪತ್ರ ಮತ್ತು ದಿನಚರಿಗೆ ಹಳೆಯ ಕಾಲೇಜಿನ ಸಹಿ ಬಿದ್ದಿದೆಯೇ ನೋಡಿ. ಕಾಲೇಜು ಬಿಟ್ಟ ಮೇಲೆ ಆ ಸಹಿಗಾಗಿ ಅಲೆಯುವುದು ತುಂಬ ಕಷ್ಟ.

ಹೆಜ್ಜೆ 8: ಸೇರಿದ ಮೊದಲ ತಿಂಗಳು

ವರ್ಗಾವಣೆಯವರು ಸಾಮಾನ್ಯವಾಗಿ ತರಗತಿ ಶುರುವಾಗಿ ಎರಡು ಮೂರು ವಾರಗಳ ಮೇಲೆ ಬಂದು ಸೇರುತ್ತಾರೆ. ಆ ವಾರಗಳ ಹಾಜರಾತಿಯನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂದು ಸೇರಿದ ದಿನವೇ ಪ್ರಾಂಶುಪಾಲರಿಗೆ ಪತ್ರ ಬರೆದು ಕೇಳಿ. ಸೆಮಿಸ್ಟರಿನ ಕೊನೆಯಲ್ಲಿ ಶೇ 70ಕ್ಕೆ ನಾಲ್ಕು ತರಗತಿ ಕಡಿಮೆ ಬಿದ್ದಾಗ ಆ ಪತ್ರವೇ ನಿಮ್ಮನ್ನು ಕಾಯುತ್ತದೆ. ಅದೇ ವಾರ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ ಸ್ವಯಂಸೇವಕರ ಮುಂದಿನ ಆಯ್ಕೆ ಯಾವಾಗ ಎಂದು ವಿಚಾರಿಸಿ ಬನ್ನಿ. ಹಾಸನಕ್ಕೆ ಬಂದವರಾದರೆ ಕಲಾಪವಿರುವ ಒಂದು ಶನಿವಾರ ಬಿಳಿ ಅಂಗಿ ತೊಟ್ಟು, ಕೈಯಲ್ಲೊಂದು ನೋಟ್‌ಪುಸ್ತಕ ಹಿಡಿದು ನ್ಯಾಯಾಲಯದ ಹಿಂದಿನ ಸಾಲಿನಲ್ಲಿ ಹನ್ನೊಂದು ಗಂಟೆಗೆ ಬಂದು ಕುಳಿತುಕೊಳ್ಳಿ. ಹೊಸ ಮುಖ ಕಂಡರೆ ಯಾವ ಕಾಲೇಜು ಎಂದು ವಿಚಾರಿಸುವ ಹಿರಿಯರು ನಮ್ಮ ವಕೀಲರ ಸಂಘದಲ್ಲಿ ಇನ್ನೂ ಇದ್ದಾರೆ.